ಬಾಡಿಗೆ ಸಾಕ್ಷಿ: ಕ್ಲೌಡ್ ಯುಗದ ಇಮೇಲ್ ಮತ್ತು ಶಬ್ದಪ್ರಾಮಾಣ್ಯ

ಕಣ್ಣಾರೆ ಕಂಡದ್ದರಿಂದಲೂ ಅಲ್ಲದೆ, ಕಂಡದ್ದನ್ನು ಆಧರಿಸಿ ಊಹಿಸಿದ್ದರಿಂದಲೂ ಅಲ್ಲದೆ, ಇನ್ನೊಬ್ಬರು ಹೇಳಿದರೆಂಬ ಕಾರಣದಿಂದಲೇ ಉಂಟಾಗುವ ಅರಿವಿನ ಸಾಧನವನ್ನು ಭಾರತೀಯ ದರ್ಶನಗಳು ಶಬ್ದವೆಂದು ಕರೆದವು. ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದು, ಅಂದರೆ ಯಥಾರ್ಥ ಜ್ಞಾನದ ಸಾಧನವೆಂದು ಒಪ್ಪಿದ ಚಾರ್ವಾಕರು ಶಬ್ದವನ್ನು ಹೊರಗಿಟ್ಟರು; ಬೌದ್ಧ ತಾರ್ಕಿಕರೂ ವೈಶೇಷಿಕರೂ ಅದು ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದರ, ಒಂದು ಬಗೆಯಷ್ಟೇ ಎಂದು ಹೇಳಿ ಅದರೊಳಗೇ ಅಡಗಿಸಿದರು; ನೈಯಾಯಿಕರು, ಮೀಮಾಂಸಕರು ಮತ್ತು ವೇದಾಂತಿಗಳು ಅದಕ್ಕೆ ಸ್ವತಂತ್ರ ಸ್ಥಾನವಿದೆಯೆಂದು ಸಾಧಿಸಲು ಶತಮಾನಗಳ ಕಾಲ ವಾದ ನಡೆಸಿದರು. ಆ ವಾದದ ಹಿಂದೆ ವೇದದ ಅಧಿಕಾರವನ್ನು ಕಾಯುವ ಉದ್ದೇಶವಿತ್ತೆಂಬುದು ನಿಜವಾದರೂ, ಅದರ ಅಡಿಯಲ್ಲಿದ್ದ ಪ್ರಶ್ನೆ ತೀರಾ ಲೌಕಿಕವಾದದ್ದು: ಹೇಳಿದವನ ಮಾತನ್ನು ಕೇಳಿದವನು ಯಾವ ಆಧಾರದ ಮೇಲೆ ನಂಬಬೇಕು? ಇಂದಿನ ಒಂದು ಮಧ್ಯಮ ಗಾತ್ರದ ಸಂಸ್ಥೆಯ ಲೆಕ್ಕಪತ್ರ ವಿಭಾಗವನ್ನು ನೋಡಿದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ವ್ಯವಹಾರದಲ್ಲಿ ಪ್ರತ್ಯಕ್ಷದ ಪಾಲು ಅತ್ಯಲ್ಪ. ಸರಕು ತಲುಪಿತೆಂದು, ಬಿಲ್ಲು ಇಷ್ಟಾಯಿತೆಂದು, ಬ್ಯಾಂಕ್ ಖಾತೆ ಬದಲಾಯಿತೆಂದು, ಹಣವನ್ನು ಇಂದೇ ಕಳಿಸಬೇಕೆಂದು ಹೇಳುವ ಇಮೇಲ್‌ಗಳ ಮೇಲೆಯೇ ಕೋಟಿಗಟ್ಟಲೆ ರೂಪಾಯಿ ಕೈ ಬದಲಿಸುತ್ತದೆ. ಶಬ್ದಪ್ರಾಮಾಣ್ಯದ ಹಳೆಯ ಪ್ರಶ್ನೆ ಅಲ್ಲಿ ದಿನನಿತ್ಯದ ಪ್ರಶ್ನೆಯಾಗಿ, ಬಹಳ ಸಲ ಯಾರ ಗಮನಕ್ಕೂ ಬಾರದೆ, ಜೀವಂತವಾಗಿದೆ.

ನ್ಯಾಯದರ್ಶನದ ಪ್ರಕಾರ ಆಪ್ತನ ಮಾತು ಪ್ರಮಾಣ. ಭಾಷ್ಯಕಾರ ವಾತ್ಸ್ಯಾಯನನು ಆಪ್ತನನ್ನು ವಿವರಿಸುವಾಗ ಮೂರು ಲಕ್ಷಣಗಳನ್ನು ಕೂಡಿಸುತ್ತಾನೆ: ಅವನು ವಿಷಯವನ್ನು ನೇರವಾಗಿ ಅರಿತವನಾಗಿರಬೇಕು, ಅರಿತದ್ದನ್ನು ಇದ್ದಂತೆಯೇ ತಿಳಿಸುವ ಇಚ್ಛೆಯುಳ್ಳವನಾಗಿರಬೇಕು, ಆ ಇಚ್ಛೆಯಿಂದಲೇ ಮಾತಿಗೆ ತೊಡಗಿದವನಾಗಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸ್ಪಷ್ಟವಾಗಿ ಹೇಳಿರುವುದು ಗಮನಾರ್ಹ, ಏಕೆಂದರೆ ಆಪ್ತತ್ವವು ಕುಲ ಪದವಿಗಳಿಂದ ಬರುವ ಗುಣವಲ್ಲವೆಂಬ ಉದಾರ ನಿಲುವು ಅದರಲ್ಲಿದೆ. ಆದರೆ ಮಾತನಾಡುತ್ತಿರುವವನು ಯಾರೆಂಬ ನಿರ್ಣಯ ಈ ಮೂರರಲ್ಲಿ ಸೇರಿಲ್ಲ. ಅದು ಸೇರಬೇಕಾದ ಅಗತ್ಯವೂ ಅಂದು ಅಷ್ಟಾಗಿ ಇರಲಿಲ್ಲ. ವಕ್ತೃ ಎದುರಿಗೇ ಇರುತ್ತಿದ್ದ, ಅವನ ಮುಖವೂ ದನಿಯೂ ಮಾತಿನೊಡನೆಯೇ ಬರುತ್ತಿದ್ದವು. ಮಾತು ಓಲೆಗೆ ಇಳಿದು ವಕ್ತೃವಿನಿಂದ ದೂರ ಸಾಗತೊಡಗಿದಾಗ ಅರಸರು ಮುದ್ರೆಯನ್ನು ಒತ್ತಿದರು, ತಾಮ್ರಪಟಗಳಿಗೆ ಲಾಂಛನವನ್ನು ಜೋಡಿಸಿದರು. ಹಾಗಿದ್ದೂ ಕೂಟಶಾಸನಗಳು, ಅಂದರೆ ನಕಲಿ ದಾನಪತ್ರಗಳು ಹುಟ್ಟಿಕೊಂಡವೆಂಬುದು ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ತಿಳಿದ ಸಂಗತಿಯೇ ಆಗಿದೆ.

ಇಮೇಲಿನ ರಚನಾಕಾರರು ಮುದ್ರೆಯ ವಿಚಾರವನ್ನೇ ಕೈಬಿಟ್ಟರು. 1971ರಲ್ಲಿ ರೇ ಟಾಮ್ಲಿನ್ಸನ್ ಆರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದಾಗ ಆ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ಜನ. ಅವರಲ್ಲಿ ಒಬ್ಬರನ್ನೊಬ್ಬರು ಬಲ್ಲವರೇ ಬಹಳ. 1982ರ ಆಗಸ್ಟಿನಲ್ಲಿ ಜೊನಾಥನ್ ಪೋಸ್ಟೆಲ್ ವಿಧಿಬದ್ಧಗೊಳಿಸಿದ ಎಸ್‌ಎಂಟಿಪಿ ಎಂಬ ರವಾನೆಯ ನಿಯಮಾವಳಿಯಲ್ಲಿ ಆ ಪರಿಚಿತ ಸಮಾಜದ ಗುರುತು ಉಳಿದಿದೆ. ಕಳಿಸುವ ಸರ್ವರ್ ಮೊದಲು ತನ್ನ ಹೆಸರನ್ನು ಹೇಳಿಕೊಳ್ಳುತ್ತದೆ, ಪತ್ರ ಯಾರಿಂದ ಬಂದಿದೆಯೆಂದು ಹೇಳುತ್ತದೆ, ಯಾರಿಗೆಂದು ಹೇಳುತ್ತದೆ, ಎದುರಿನ ಸರ್ವರ್ ಪ್ರತಿ ಹೇಳಿಕೆಗೂ 250 ಎಂಬ ಸಂಖ್ಯೆಯಿಂದ ಸಮ್ಮತಿ ಸೂಚಿಸುತ್ತದೆ, ಕೊನೆಗೆ ಪತ್ರದ ಒಡಲು ದಾಟುತ್ತದೆ. ಈ ಸಂಭಾಷಣೆಯ ಯಾವ ಹಂತದಲ್ಲಿಯೂ "ಹಾಗೆಂಬುದಕ್ಕೆ ಆಧಾರವೇನು" ಎಂಬ ಪ್ರಶ್ನೆ ಏಳುವುದಿಲ್ಲ. ಸಾಲದ್ದಕ್ಕೆ, ರವಾನೆಯ ಹೊತ್ತಿಗೆ ಸರ್ವರ್‌ಗಳು ವಿನಿಮಯ ಮಾಡಿಕೊಳ್ಳುವ ಕಳುಹಿಸಿದವನ ವಿಳಾಸ ಬೇರೆ, ಓದುಗನ ಪರದೆಯ ಮೇಲೆ ಕಾಣುವ ವಿಳಾಸ ಬೇರೆ. ಮೊದಲನೆಯದು ಲಕೋಟೆಯ ಮೇಲಿನದು, ಎರಡನೆಯದು ಒಳಗಿನ ಕಾಗದದ ತಲೆಬರಹದ್ದು, ಮತ್ತು ಅವೆರಡೂ ಒಂದೇ ಆಗಿರಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಕಳಿಸುವಾಗ ಬಿಗಿಯಾಗಿರಬೇಕು, ಸ್ವೀಕರಿಸುವಾಗ ಧಾರಾಳವಾಗಿರಬೇಕು ಎಂಬರ್ಥದ ಪೋಸ್ಟೆಲ್‌ನ ಸೂತ್ರವು ಜಾಲಗಳ ಬೆಳವಣಿಗೆಗೆ ದೊಡ್ಡ ಉಪಕಾರ ಮಾಡಿತು. ಆದರೆ ಅದೇ ಧಾರಾಳತನ ಯಾರು ಯಾರ ಹೆಸರಿನಲ್ಲಾದರೂ ಬರೆಯಬಹುದೆಂಬ ಸ್ಥಿತಿಯನ್ನೂ ತಂದಿತು.

ಈ ಕೊರತೆಯನ್ನು ತುಂಬಲು ಬಂದ ಮೂರು ವ್ಯವಸ್ಥೆಗಳು ಇಂದಿನ ಇಮೇಲ್ ಭದ್ರತೆಯ ತಳಹದಿಯಾಗಿವೆ. ಎಸ್‌ಪಿಎಫ್ ಎಂಬುದು ಒಂದು ಡೊಮೇನಿನ, ಅಂದರೆ ವಿಳಾಸದಲ್ಲಿ ಅಟ್ ಚಿಹ್ನೆಯ ಬಲಕ್ಕಿರುವ ಹೆಸರಿನ, ಪರವಾಗಿ ಯಾವ ಯಾವ ಸರ್ವರ್‌ಗಳು ಪತ್ರ ಕಳಿಸಬಹುದೆಂದು ಸಾರುವ ಪಟ್ಟಿ. ಡಿಕಿಮ್ ಎಂಬುದು ಸಹಿಯ ವ್ಯವಸ್ಥೆ: ಕಳಿಸುವ ಸರ್ವರ್ ಪತ್ರದ ಒಡಲಿನಿಂದಲೂ ತಲೆಬರಹದ ಕೆಲವು ಸಾಲುಗಳಿಂದಲೂ ಗಣಿತದ ಮೂಲಕ ಒಂದು ಸಾರಾಂಕವನ್ನು ತೆಗೆದು, ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತದೆ; ಪಡೆಯುವ ಸರ್ವರ್ ಡಿಎನ್‌ಎಸ್ ಎಂಬ ಅಂತರ್ಜಾಲದ ಹೆಸರುಪಟ್ಟಿಯಲ್ಲಿ ಪ್ರಕಟವಾಗಿರುವ ಬಹಿರಂಗ ಕೀಲಿಯಿಂದ ಆ ಸಹಿಯನ್ನು ಪರೀಕ್ಷಿಸುತ್ತದೆ, ಮತ್ತು ನಡುದಾರಿಯಲ್ಲಿ ಸಹಿಗೆ ಒಳಪಟ್ಟ ಭಾಗದ ಒಂದಕ್ಷರ ಬದಲಾಗಿದ್ದರೂ ಪರೀಕ್ಷೆ ಸೋಲುತ್ತದೆ. ಡಿಮಾರ್ಕ್ ಎಂಬುದು ಈ ಎರಡರಲ್ಲಿ ಒಂದಾದರೂ ಓದುಗನಿಗೆ ಕಾಣುವ ಹೆಸರಿನೊಡನೆ ಹೊಂದಿಕೆಯಾಗಬೇಕೆಂದು ಕೇಳಿ, ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂಬುದನ್ನು ಡೊಮೇನಿನ ಒಡೆಯನೇ ಘೋಷಿಸಲು ಅವಕಾಶ ಕೊಡುತ್ತದೆ. 2006ರಿಂದ 2015ರ ನಡುವೆ ಇವು ಒಂದೊಂದಾಗಿ ದಾಖಲೆಗೆ ಬಂದವಾದರೂ ಬಹುಕಾಲ ಐಚ್ಛಿಕವಾಗಿಯೇ ಉಳಿದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಭಾರಿ ಸಂಖ್ಯೆಯಲ್ಲಿ ಪತ್ರ ಕಳಿಸುವವರಿಗೆ (ಜಿಮೇಲ್‌ನ ಲೆಕ್ಕದಲ್ಲಿ ದಿನಕ್ಕೆ 5,000ಕ್ಕೂ ಹೆಚ್ಚು) ಈ ಮೂರನ್ನೂ ಕಡ್ಡಾಯ ಮಾಡಿದ ಮೇಲೆ ಚಿತ್ರ ಬದಲಾಯಿತು. ನಾಲ್ಕು ದಶಕಗಳ ಉದಾರತೆಗೆ ತೆರೆ ಬಿದ್ದದ್ದು ಯಾವ ಸರ್ಕಾರದ ಕಾನೂನಿನಿಂದಲೂ ಅಲ್ಲ, ಎರಡು ಕಂಪನಿಗಳ ತೀರ್ಮಾನದಿಂದ.

ಈ ಪರೀಕ್ಷೆಗಳೆಲ್ಲ ಗೆದ್ದ ಬಳಿಕವೂ ಸಿದ್ಧವಾಗುವುದು ಎಷ್ಟು? ಪತ್ರವು ಇಂಥ ಡೊಮೇನಿನ ಅನುಮತಿಯಿಂದ ಹೊರಟಿದೆ ಎಂಬಷ್ಟು ಮಾತ್ರ. ಅದನ್ನು ಬರೆದ ಮನುಷ್ಯ ಯಾರೆಂಬುದೂ ಸಿದ್ಧವಾಗುವುದಿಲ್ಲ, ಅವನು ಆಪ್ತನೇ ಎಂಬುದಂತೂ ದೂರದ ಮಾತು. ಭಾರತದ ಸಾಕ್ಷ್ಯ ಕಾನೂನು ಈ ಅಂತರವನ್ನು ಮೊದಲೇ ಗುರುತಿಸಿತ್ತೆಂಬುದು ಮೆಚ್ಚಬೇಕಾದ ವಿಷಯ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಹಳೆಯ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 88ಎ ಕಲಮು, ಇಮೇಲ್ ಸರ್ವರಿನ ಮೂಲಕ ಬಂದ ಸಂದೇಶವು ಕಳಿಸಿದ ಕಂಪ್ಯೂಟರಿಗೆ ಊಡಿಸಿದ ಸಂದೇಶವೇ ಎಂದು ನ್ಯಾಯಾಲಯ ಭಾವಿಸಬಹುದು, ಆದರೆ ಅದನ್ನು ಕಳಿಸಿದ ವ್ಯಕ್ತಿ ಯಾರೆಂಬ ಬಗ್ಗೆ ಏನನ್ನೂ ಭಾವಿಸಿಕೊಳ್ಳಬಾರದು ಎಂದು ವಿಧಿಸಿತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 90ನೆಯ ಕಲಮಿನಲ್ಲಿಯೂ ಅದೇ ನಿಲುವು ಮುಂದುವರಿದಿದೆ. ಶಬ್ದದ ಅವಿಕಾರತೆ ಒಂದು, ವಕ್ತೃವಿನ ನಿರ್ಣಯ ಇನ್ನೊಂದು, ಅವನ ಆಪ್ತತ್ವ ಮೂರನೆಯದು. ತಂತ್ರಜ್ಞಾನವು ಮೊದಲನೆಯದನ್ನು ಚೆನ್ನಾಗಿಯೂ ಎರಡನೆಯದನ್ನು ಅರೆಬರೆಯಾಗಿಯೂ ನಿರ್ವಹಿಸುತ್ತದೆ. ಮೂರನೆಯದರ ಗೊಡವೆಗೆ ಹೋಗುವುದಿಲ್ಲ. ಆದರೂ ಪರೀಕ್ಷೆ ಗೆದ್ದಿತೆಂಬ ಗುರುತು ಕಂಡೊಡನೆ ಮೂರೂ ಸಿದ್ಧವಾದವೆಂದು ಓದುಗನು ಎಣಿಸಿಬಿಡುತ್ತಾನೆ, ಮತ್ತು ಮೋಸಗಾರನ ಜೀವನೋಪಾಯ ನಿಂತಿರುವುದು ಆ ಎಣಿಕೆಯ ಮೇಲೆ.

ಪ್ರಾಮಾಣ್ಯವಾದವೆಂದು ಹೆಸರಾದ ಚರ್ಚೆ ಇಲ್ಲಿ ನೇರವಾಗಿ ಪ್ರಸ್ತುತವಾಗುತ್ತದೆ. ಒಂದು ಜ್ಞಾನ ಹುಟ್ಟಿದಾಗ ಅದರ ಯಥಾರ್ಥತೆ ಆ ಜ್ಞಾನದೊಡನೆಯೇ ತಿಳಿಯುತ್ತದೆ, ಬಾಧಕವಾದ ಇನ್ನೊಂದು ಜ್ಞಾನ ಬರುವವರೆಗೆ ಅದನ್ನು ನಂಬಲು ಬೇರೆ ಕಾರಣ ಬೇಕಿಲ್ಲ ಎಂಬುದು ಸ್ವತಃಪ್ರಾಮಾಣ್ಯವಾದ; ಏಳನೆಯ ಶತಮಾನದ ಕುಮಾರಿಲ ಭಟ್ಟನು ಅದರ ಪ್ರಬಲ ಪ್ರತಿಪಾದಕ. ಯಥಾರ್ಥತೆಯನ್ನು ಬೇರೊಂದು ಆಧಾರದಿಂದ, ಉದಾಹರಣೆಗೆ ಆ ಜ್ಞಾನವನ್ನು ನಂಬಿ ನಡೆದ ಪ್ರವೃತ್ತಿ ಫಲಿಸಿತೆಂಬುದರಿಂದ, ಊಹಿಸಿ ತಿಳಿಯಬೇಕು ಎಂಬುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ಮೀಮಾಂಸಕರ ಮುಖ್ಯ ಆಕ್ಷೇಪ ಪ್ರಸಿದ್ಧವಾದದ್ದು: ಮೊದಲ ಜ್ಞಾನವನ್ನು ಎರಡನೆಯದು ಸಮರ್ಥಿಸಬೇಕಾದರೆ ಎರಡನೆಯದನ್ನು ಮೂರನೆಯದು ಸಮರ್ಥಿಸಬೇಕಾಗುತ್ತದೆ, ಹೀಗೆ ಎಲ್ಲಿಯೂ ನಿಲ್ಲದ ಅನವಸ್ಥಾದೋಷ ಬರುತ್ತದೆ. ಪ್ರತಿಯೊಂದು ಜ್ಞಾನವನ್ನೂ ನಿಶ್ಚಯಿಸಿಕೊಂಡೇ ಮುಂದುವರಿಯಬೇಕೆಂಬ ನಿಯಮವಿಲ್ಲ, ಸಂದೇಹವಿಟ್ಟುಕೊಂಡೂ ಕಾರ್ಯಕ್ಕೆ ತೊಡಗಬಹುದು ಎಂಬುದು ನೈಯಾಯಿಕರ ಉತ್ತರ. ನೀರೆಂದು ಕಂಡದ್ದರ ಕಡೆಗೆ ಬಾಯಾರಿದವನು ನಡೆಯುವ ಸಂದರ್ಭದಲ್ಲಿ ಈ ಉತ್ತರ ಸೊಗಸಾಗಿ ಒಪ್ಪುತ್ತದೆ. ಒಮ್ಮೆ ಹೋದರೆ ಮರಳದ ಹಣದ ವಿಚಾರದಲ್ಲಿ ಅಷ್ಟಾಗಿ ಒಪ್ಪುವುದಿಲ್ಲ.

ಹಳೆಯ ಕಚೇರಿಯ ಇಮೇಲ್ ವ್ಯವಸ್ಥೆ ಈ ಎರಡು ವಾದಗಳ ನಡುವೆ ಗೋಡೆ ಕಟ್ಟಿಕೊಂಡು ಬದುಕಿತ್ತು. ಸರ್ವರ್ ಸಂಸ್ಥೆಯ ಕಟ್ಟಡದಲ್ಲಿಯೇ ಇರುತ್ತಿತ್ತು. ಹೊರಗಿನಿಂದ ಬರುವ ಪತ್ರಗಳೆಲ್ಲ ಗೇಟ್‌ವೇ ಎಂಬ ಒಂದೇ ಬಾಗಿಲಲ್ಲಿ ಸೋಸಿ ಒಳಗೆ ಬರುತ್ತಿದ್ದವು. ಒಳಗಿನವರು ಒಳಗಿನವರಿಗೆ ಬರೆದದ್ದನ್ನು ಯಾರೂ ಸಂಶಯಿಸುತ್ತಿರಲಿಲ್ಲ. ಹೊರಗಿನ ಶಬ್ದಕ್ಕೆ ಪರತಃ, ಒಳಗಿನ ಶಬ್ದಕ್ಕೆ ಸ್ವತಃ. 2006ರಲ್ಲಿ ಗೂಗಲ್ ಸಂಸ್ಥೆಗಳ ಸ್ವಂತ ಡೊಮೇನ್‌ಗಳಿಗೆ ಇಮೇಲ್ ಸೇವೆ ಆರಂಭಿಸಿ, 2011ರಲ್ಲಿ ಮೈಕ್ರೋಸಾಫ್ಟ್ ಆಫೀಸ್ 365ನ್ನು ಹೊರತಂದ ಮೇಲೆ ಅಂಚೆಪೆಟ್ಟಿಗೆಗಳು ಕಟ್ಟಡದಿಂದ ಕ್ಲೌಡಿಗೆ, ಅಂದರೆ ಸೇವಾದಾತರ ಬೃಹತ್ ದತ್ತಾಂಶ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ನೌಕರನು ಮನೆಯಿಂದಲೂ ರೈಲಿನಿಂದಲೂ ಅದೇ ಪೆಟ್ಟಿಗೆಯನ್ನು ತೆರೆಯತೊಡಗಿದ. ಒಳಗು ಹೊರಗುಗಳೆಂಬ ಭೇದವೇ ಕರಗಿತು. ಒಂದು ಕಾಲದಲ್ಲಿ ಗೋಡೆ ಮಾಡುತ್ತಿದ್ದ ಕೆಲಸ ಈಗ ಲಾಗಿನ್ ಪರದೆಯ ಮೇಲೆ ಬಿತ್ತು. 2010ರಲ್ಲಿ ಜಾನ್ ಕಿಂಡರ್‌ವಾಗ್ ಪ್ರಚಾರಕ್ಕೆ ತಂದ, 2020ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಒಂದು ದಾಖಲೆಯಲ್ಲಿ ವಿಧಿವತ್ತಾಗಿ ವಿವರಿಸಿದ ಜೀರೋ ಟ್ರಸ್ಟ್ ಎಂಬ ತತ್ತ್ವ ಈ ಸ್ಥಿತಿಯ ಶಿಶು: ಯಾವ ಕೋರಿಕೆಯನ್ನೂ ಅದು ಎಲ್ಲಿಂದ ಬಂತೆಂಬ ಕಾರಣಕ್ಕೆ ನಂಬಬಾರದು, ಪ್ರತಿ ಸಲವೂ ಗುರುತನ್ನೂ ಸಾಧನವನ್ನೂ ಸಂದರ್ಭವನ್ನೂ ಪರೀಕ್ಷಿಸಬೇಕು. ದರ್ಶನದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪರತಃಪ್ರಾಮಾಣ್ಯವನ್ನು ಅದರ ತುದಿಯವರೆಗೆ ಎಳೆದದ್ದು, ಮತ್ತು ಅನವಸ್ಥೆಯ ಆಕ್ಷೇಪವನ್ನು ಎದುರಿಸದೆ ಇದಕ್ಕೆ ಗತ್ಯಂತರವಿಲ್ಲ.

ಆ ಆಕ್ಷೇಪಕ್ಕೆ ಹೋಗುವ ಮುನ್ನ ಕ್ಲೌಡ್ ತಂದ ಇನ್ನೊಂದು ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಇಂದಿನ ಮೋಸಗಾರನು ಇನ್ನೊಬ್ಬರ ಹೆಸರನ್ನು ನಟಿಸುವುದಕ್ಕಿಂತ ಅವರ ಖಾತೆಯನ್ನೇ ವಶಪಡಿಸಿಕೊಳ್ಳಲು ಬಯಸುತ್ತಾನೆ. ನೌಕರನಿಗೆ ಬಂದ ಒಂದು ಲಿಂಕು ನಿಜವಾದ ಲಾಗಿನ್ ಪುಟದ ಮುಂದೆ ಕನ್ನಡಿಯಂತೆ ನಿಂತ ನಕಲಿ ಪುಟಕ್ಕೆ ಒಯ್ಯುತ್ತದೆ. ಅವನು ಪಾಸ್‌ವರ್ಡ್ ಹಾಕುತ್ತಾನೆ, ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕುತ್ತಾನೆ. ನಡುವಿನವನು ಅವನ್ನು ನಿಜವಾದ ಪುಟಕ್ಕೆ ದಾಟಿಸಿ, ಪ್ರತಿಯಾಗಿ ಬರುವ ಸೆಷನ್ ಕುಕಿಯನ್ನು, ಅಂದರೆ ಈ ವ್ಯಕ್ತಿಯ ಪರೀಕ್ಷೆ ಮುಗಿದಿದೆಯೆಂದು ಸಾರುವ ಚೀಟಿಯನ್ನು ಎತ್ತಿಕೊಳ್ಳುತ್ತಾನೆ. ಒಳಹೊಕ್ಕವನು ಅವಸರ ಮಾಡುವುದಿಲ್ಲ. ಹಳೆಯ ಪತ್ರವ್ಯವಹಾರವನ್ನು ಓದುತ್ತಾನೆ, ಯಾವ ಬಿಲ್ಲು ಯಾವ ವಾರ ಪಾವತಿಯಾಗಬೇಕೆಂದು ತಿಳಿಯುತ್ತಾನೆ, ಗ್ರಾಹಕನ ಉತ್ತರಗಳು ಪೆಟ್ಟಿಗೆಯ ಒಡೆಯನಿಗೆ ಕಾಣದಂತೆ ಆರ್‌ಎಸ್‌ಎಸ್ ಎಂಬ ಯಾರೂ ತೆರೆಯದ ಫೋಲ್ಡರಿಗೆ ಸರಿಯುವ ಹಾಗೆ ಒಂದು ನಿಯಮ ಬರೆಯುತ್ತಾನೆ, ಆಮೇಲೆ ನಡೆಯುತ್ತಿರುವ ಸಂಭಾಷಣೆಯ ನಡುವೆಯೇ ಖಾತೆ ಬದಲಾಗಿದೆಯೆಂಬ ಎರಡು ಸಾಲು ಸೇರಿಸುತ್ತಾನೆ. ಆ ಪತ್ರಕ್ಕೆ ಎಸ್‌ಪಿಎಫ್ ಗೆಲ್ಲುತ್ತದೆ, ಡಿಕಿಮ್ ಗೆಲ್ಲುತ್ತದೆ, ಡಿಮಾರ್ಕ್ ಗೆಲ್ಲುತ್ತದೆ. ಅವು ಸುಳ್ಳು ಹೇಳುತ್ತಲೂ ಇಲ್ಲ, ಪತ್ರ ಹೊರಟದ್ದು ಅಲ್ಲಿಂದಲೇ. ಬಾಯಿ ನಿಜವಾದದ್ದು, ವಕ್ತೃ ಬೇರೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಬಂದ ದೂರುಗಳ ಲೆಕ್ಕದಂತೆ ವಾಣಿಜ್ಯ ಇಮೇಲ್ ವಂಚನೆಯಿಂದ 2023ರೊಂದರಲ್ಲೇ ಆದ ನಷ್ಟ ಸುಮಾರು 290 ಕೋಟಿ ಡಾಲರ್.

ಸಾವಿರಾರು ಸಂಸ್ಥೆಗಳು ಒಂದೇ ಸೇವಾದಾತನ ಸರ್ವರ್‌ಗಳನ್ನು ಹಂಚಿಕೊಳ್ಳುವುದರಿಂದ ಬರುವ ತೊಡಕು ಇದಕ್ಕೆ ಹತ್ತಿರದ್ದು. ಪ್ರೂಫ್‌ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸರ್ವರ್‌ಗಳಲ್ಲಿ ಮೈಕ್ರೋಸಾಫ್ಟ್ ಕ್ಲೌಡಿನಿಂದ ಬಂದ ಪತ್ರಗಳನ್ನು, ಅವು ಯಾವ ಗ್ರಾಹಕನ ಖಾತೆಯಿಂದ ಹೊರಟವೆಂದು ನೋಡದೆ, ಮುಂದೆ ಸಾಗಿಸುವ ಸಡಿಲ ಹೊಂದಿಕೆಯಿದ್ದುದನ್ನು 2024ರಲ್ಲಿ ಗಾರ್ಡಿಯೊ ಸಂಸ್ಥೆಯ ಸಂಶೋಧಕರು ಹೊರಗೆಡಹಿದರು. ಡಿಸ್ನಿ, ಐಬಿಎಂ ಮೊದಲಾದ ಸಂಸ್ಥೆಗಳ ಹೆಸರಿನಲ್ಲಿ ಹೊರಟ ಲಕ್ಷಾಂತರ ನಕಲಿ ಪತ್ರಗಳಿಗೆ ಆ ಸಂಸ್ಥೆಗಳದೇ ನಿಜವಾದ ಸಹಿ ಬಿದ್ದಿತ್ತು. ಕಾವಲಿಗೆ ಇಟ್ಟವನ ಕೈಯಿಂದಲೇ ಮುದ್ರೆ ಒತ್ತಿಸಿಕೊಂಡಂತಾಯಿತು.

ಈ ಬಿಕ್ಕಟ್ಟಿಗೆ ಮಾರುಕಟ್ಟೆ ಕೊಟ್ಟಿರುವ ಉತ್ತರ, ತನಗೇ ತಿಳಿಯದಂತೆ, ವೈಶೇಷಿಕರ ಉತ್ತರ. ಈಗಿನ ಕ್ಲೌಡ್ ಭದ್ರತಾ ಸಾಧನಗಳು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟು ಅಂಚೆಪೆಟ್ಟಿಗೆಯ ಒಳಗೇ ಕುಳಿತು, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಯಾವ ಧಾಟಿಯಲ್ಲಿ ಬರೆಯುತ್ತಾರೆಂಬುದನ್ನು ತಿಂಗಳುಗಟ್ಟಲೆ ಕಲಿತು, ಹೊಸ ಪತ್ರವು ಆ ರೂಢಿಗೆ ಹೊಂದುತ್ತದೆಯೇ ಎಂದು ಅಳೆಯುತ್ತವೆ. ಹೇಳಿದ ಮಾತು ಇಲ್ಲಿ ಪ್ರಮಾಣವಾಗಿ ಉಳಿಯದೆ ಅನುಮಾನಕ್ಕೆ ಬೇಕಾದ ಲಿಂಗವಾಗುತ್ತದೆ, ಅಂದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವಲ್ಲಿ ಹೊಗೆ ವಹಿಸುವ ಪಾತ್ರವನ್ನು ವಹಿಸುತ್ತದೆ. ಉಪಾಯ ಚುರುಕಾದದ್ದೇ. ಆದರೆ ಲಿಂಗವು ಸಾಧ್ಯವನ್ನು, ಅಂದರೆ ಊಹಿಸಬೇಕಾದದ್ದನ್ನು, ಬಿಟ್ಟು ಬೇರೆಡೆಯೂ ಕಾಣಿಸತೊಡಗಿದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ, ಅಂದರೆ ಹುಸಿ ಕಾರಣ, ಆಗುತ್ತದೆ, ಮತ್ತು ಒಬ್ಬನ ಹಳೆಯ ಪತ್ರಗಳನ್ನು ಉಣಿಸಿದರೆ ಅವನದೇ ಧಾಟಿಯಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಬರವಣಿಗೆಯ ಶೈಲಿ ಅಂಥ ಹೇತ್ವಾಭಾಸವಾಗುವುದು ತಡವೇನಲ್ಲ. ಅದೂ ಅಲ್ಲದೆ, ಮೋಸವನ್ನು ಹಿಡಿಯಲು ಎಲ್ಲರ ಪತ್ರಗಳನ್ನೂ ಯಾವಾಗಲೂ ಓದುತ್ತಿರಬೇಕಾದ ಯಂತ್ರದ ಎದುರಿಗೆ ನೌಕರನ ಖಾಸಗಿತನದ ಗತಿಯೇನೆಂಬ ಪ್ರಶ್ನೆಯನ್ನು ಭದ್ರತೆಯ ಮಾರಾಟಗಾರರು ಮೆಲ್ಲಗೆ ದಾಟಿಹೋಗುತ್ತಾರೆ.

ಅನವಸ್ಥೆಯ ಸಮಸ್ಯೆಗೆ ಅತ್ಯಂತ ಸೂಕ್ಷ್ಮವಾದ ಉತ್ತರವನ್ನು ಕೊಟ್ಟ ಪರಂಪರೆಗಳಲ್ಲಿ ಕರ್ನಾಟಕದ ದ್ವೈತ ವೇದಾಂತವೂ ಒಂದು. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಸ್ಥಾಪಿಸಿದ, ಬಳಿಕ ಜಯತೀರ್ಥರು "ಪ್ರಮಾಣಪದ್ಧತಿ"ಯಂಥ ಕೃತಿಗಳಲ್ಲಿ ವಿಶದಪಡಿಸಿದ, ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು "ತರ್ಕತಾಂಡವ"ದಲ್ಲಿ ಮಿಥಿಲೆಯ ಗಂಗೇಶನ ನವ್ಯನ್ಯಾಯದ ಎದುರು ನಿಲ್ಲಿಸಿ ಸಮರ್ಥಿಸಿದ ಈ ಸಿದ್ಧಾಂತದ ಪ್ರಕಾರ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಗ್ರಹಿಸುವುದು ಸಾಕ್ಷಿ. ಸಾಕ್ಷಿಯೆಂದರೆ ಆತ್ಮನ ಸ್ವರೂಪವೇ ಆದ ಇಂದ್ರಿಯ. ಸುಖದುಃಖಗಳನ್ನೂ ಕಾಲವನ್ನೂ ತನ್ನ ಅರಿವನ್ನೂ ನೇರವಾಗಿ ಕಾಣುವಂಥದು. ಮನಸ್ಸು ತಪ್ಪಬಹುದು, ಸಾಕ್ಷಿ ತಪ್ಪುವುದಿಲ್ಲ. ಸಂದೇಹಕ್ಕೆ ಆಸ್ಪದವಿರುವಲ್ಲಿ ಪರೀಕ್ಷೆ ಬೇಕೆಂಬುದನ್ನು ಈ ಸಿದ್ಧಾಂತ ಒಪ್ಪುತ್ತದೆ. ಆದರೆ ಪರೀಕ್ಷೆಯ ಕೆಲಸ ಪ್ರಾಮಾಣ್ಯವನ್ನು ಹುಟ್ಟಿಸುವುದಲ್ಲ, ಸಂದೇಹವೆಂಬ ಅಡ್ಡಿಯನ್ನು ಸರಿಸುವುದು. ಅಡ್ಡಿ ಸರಿದ ಮೇಲೆ ನಿಶ್ಚಯಿಸುವುದು ಸಾಕ್ಷಿಯೇ, ಮತ್ತು ಪರೀಕ್ಷೆಗೆ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂಬ ಸರಪಳಿ ಅಲ್ಲಿ ನಿಲ್ಲುತ್ತದೆ.

ಜೀರೋ ಟ್ರಸ್ಟ್ ವ್ಯವಸ್ಥೆಯ ಸರಪಳಿಯೂ ಎಲ್ಲಿಯೋ ನಿಲ್ಲಲೇಬೇಕು. ಅದು ನಿಲ್ಲುವ ಜಾಗ ಕ್ಲೌಡ್ ಸೇವಾದಾತನ ಗುರುತಿನ ಸೇವೆ: ಈತ ಇಂಥವನೇ ಎಂದು ಪರೀಕ್ಷಿಸಿ, ಪರೀಕ್ಷಿಸಿದ್ದಕ್ಕೆ ತನ್ನ ಗುಪ್ತ ಕೀಲಿಯಿಂದ ಸಹಿ ಮಾಡಿದ ಟೋಕನ್ ಕೊಡುವ ಯಂತ್ರ. ಉಳಿದೆಲ್ಲ ಭಾಗಗಳು ಆ ಸಹಿಯನ್ನು ಕಂಡು ತಲೆದೂಗುತ್ತವೆ, ಸಹಿಯ ಆಚೆಗೆ ಕೇಳುವುದಿಲ್ಲ. ಯಾರನ್ನೂ ನಂಬಬಾರದೆಂಬ ಘೋಷಣೆಯ ಅಡಿಯಲ್ಲಿ ನಂಬಿಕೆಯೆಲ್ಲ ಒಂದೆಡೆ ಗುಡ್ಡೆಯಾಗಿ ಬಿದ್ದಿದೆ. ಸಾಕ್ಷಿಯ ಪೀಠದಲ್ಲಿ ಬಾಡಿಗೆಗೆ ಪಡೆದ ಸೇವೆಯೊಂದು ಕುಳಿತಿದೆ. ದ್ವೈತಿಗಳ ಸಾಕ್ಷಿ ಅರಿಯುವವನಿಂದ ಬೇರೆಯಲ್ಲ ಮತ್ತು ದೋಷರಹಿತ. ಈ ಸಾಕ್ಷಿ ಅರಿಯುವವನಿಂದ ಪೂರ್ತಿಯಾಗಿ ಬೇರೆ ಮತ್ತು ಎಲ್ಲ ಮಾನವ ನಿರ್ಮಿತಿಗಳಂತೆ ದೋಷಗಳಿಗೆ ಈಡಾದದ್ದು. ಸಾಕ್ಷಿಯ ಅಧಿಕಾರವನ್ನು ಕೊಟ್ಟದ್ದಾಯಿತು, ಆ ಅಧಿಕಾರಕ್ಕೆ ಕಾರಣವಾದ ಗುಣಗಳು ಮಾತ್ರ ಅದರೊಡನೆ ಬರಲಿಲ್ಲ.

ಇದು ತರ್ಕದ ಕುಸುರಿಯಷ್ಟೇ ಅಲ್ಲವೆಂದು 2023ರ ಒಂದು ಘಟನೆ ತೋರಿಸಿತು. ಚೀನಾ ಮೂಲದ್ದೆಂದು ಗುರುತಿಸಲಾದ, ಸ್ಟಾರ್ಮ್-0558 ಎಂದು ಹೆಸರಿಡಲಾದ ಗುಂಪೊಂದು 2016ರಲ್ಲಿ ಸೃಷ್ಟಿಯಾಗಿದ್ದ ಮೈಕ್ರೋಸಾಫ್ಟ್‌ನ ಒಂದು ಸಹಿಕೀಲಿಯನ್ನು ಸಂಪಾದಿಸಿತ್ತು. ಆ ಕೀಲಿ ಸಾಮಾನ್ಯ ಬಳಕೆದಾರರ ಖಾತೆಗಳಿಗೆ ಮೀಸಲಾದದ್ದು. ಆದರೂ ಪರಿಶೀಲನೆಯಲ್ಲಿದ್ದ ಒಂದು ಲೋಪದಿಂದ ಸಂಸ್ಥೆಗಳ ಅಂಚೆಪೆಟ್ಟಿಗೆಗಳೂ ಅದರ ಸಹಿಯನ್ನು ಒಪ್ಪಿದವು. ಪಾಸ್‌ವರ್ಡ್ ಬೇಕಾಗಲಿಲ್ಲ, ಫಿಶಿಂಗ್, ಅಂದರೆ ನಕಲಿ ಪುಟದ ಬಲೆ, ಬೇಕಾಗಲಿಲ್ಲ. ತಾವೇ ಟೋಕನ್ ಬರೆದುಕೊಂಡು, ತಾವೇ ಸಹಿ ಹಾಕಿಕೊಂಡು, 22 ಸಂಸ್ಥೆಗಳ 500ಕ್ಕೂ ಹೆಚ್ಚು ಜನರ ಪತ್ರಗಳ ಬಳಿಗೆ ಅವರು ಹೋದರು. ಅಮೆರಿಕದ ಅಂದಿನ ವಾಣಿಜ್ಯ ಸಚಿವೆ ಜಿನಾ ರೈಮಾಂಡೊ ಮತ್ತು ಚೀನಾದಲ್ಲಿದ್ದ ರಾಯಭಾರಿ ನಿಕೋಲಸ್ ಬರ್ನ್ಸ್ ಆ ಪಟ್ಟಿಯಲ್ಲಿದ್ದರು. ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು 60,000 ಪತ್ರಗಳು ಹೋದವು. ಮೋಸವನ್ನು ಮೊದಲು ಕಂಡುಹಿಡಿದದ್ದು ಸೇವಾದಾತನಲ್ಲ. ಆ ವರ್ಷದ ಜೂನ್ ನಡುವಿನಲ್ಲಿ ವಿದೇಶಾಂಗ ಇಲಾಖೆಯ ಸಿಬ್ಬಂದಿ, ಯಾವ ಅಪ್ಲಿಕೇಶನ್ ಯಾವ ಪತ್ರವನ್ನು ತೆರೆಯಿತೆಂದು ದಾಖಲಿಸುವ ಲಾಗ್‌ಗಳ ಮೇಲೆ ತಾವೇ ಬರೆದಿಟ್ಟಿದ್ದ ಎಚ್ಚರಿಕೆಯ ನಿಯಮದಿಂದ ಅದನ್ನು ಹಿಡಿದರು. ಆ ಲಾಗ್‌ಗಳು ಆಗ ಹೆಚ್ಚಿನ ದರದ ಚಂದಾದಾರರಿಗೆ ಮಾತ್ರ ಲಭ್ಯವಿದ್ದವು. ಕಡಿಮೆ ಕೊಟ್ಟವರಿಗೆ ತಮ್ಮ ಮನೆಯೊಳಗೆ ಯಾರು ಓಡಾಡಿದರೆಂದು ತಿಳಿಯುವ ದಾರಿಯೇ ಇರಲಿಲ್ಲ. 2024ರ ಏಪ್ರಿಲಿನಲ್ಲಿ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ಪ್ರಕಟಿಸಿದ ವರದಿ ಈ ಘಟನೆಯನ್ನು ತಪ್ಪಿಸಬಹುದಾಗಿತ್ತೆಂದು ನೇರವಾಗಿ ಹೇಳಿತು, ಮತ್ತು ಕೀಲಿ ಹೇಗೆ ಕಳುವಾಯಿತೆಂಬುದನ್ನು ಮೈಕ್ರೋಸಾಫ್ಟಿಗೆ ಆವರೆಗೂ ನಿರ್ಣಯಿಸಲು ಸಾಧ್ಯವಾಗಿಲ್ಲವೆಂಬುದನ್ನೂ ದಾಖಲಿಸಿತು. ಘಟನೆಯ ತರುವಾಯ ಆ ಲಾಗ್‌ಗಳಲ್ಲಿ ಹಲವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಕೊಡುವ ಏರ್ಪಾಡಾಯಿತು.

ಇಷ್ಟರಿಂದ ಕ್ಲೌಡನ್ನು ತೊರೆದು ಕಟ್ಟಡದ ಸರ್ವರಿಗೆ ಮರಳಬೇಕೆಂಬ ನಿರ್ಣಯಕ್ಕೆ ಬರುವುದು ಅವಸರವಾದೀತು. ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಎಂಬ ಇಮೇಲ್ ಸರ್ವರ್ ತಂತ್ರಾಂಶದಲ್ಲಿ 2021ರ ಮಾರ್ಚಿನಲ್ಲಿ ಬೆಳಕಿಗೆ ಬಂದ ದೋಷಗಳಿಂದ ಜಗತ್ತಿನಾದ್ಯಂತ ಹತ್ತಾರು ಸಾವಿರ ಸಂಸ್ಥೆಗಳ ಸ್ವಂತ ಸರ್ವರ್‌ಗಳು ಪರರ ಪಾಲಾದಾಗ, ಅದೇ ಕಂಪನಿಯ ಕ್ಲೌಡ್ ಸೇವೆಯಲ್ಲಿದ್ದ ಪೆಟ್ಟಿಗೆಗಳಿಗೆ ಆ ದೋಷ ತಟ್ಟಲಿಲ್ಲ. ಹತ್ತು ಜನರ ಕಚೇರಿಯೊಂದು ರಾತ್ರೋರಾತ್ರಿ ತೇಪೆ ಹಾಕುವ ತಜ್ಞರನ್ನು ಇಟ್ಟುಕೊಳ್ಳಲಾರದು. ಪ್ರಶ್ನೆ ಇರುವುದು ಸಾಕ್ಷಿಯನ್ನು ಒಪ್ಪಬೇಕೇ ಬೇಡವೇ ಎಂಬಲ್ಲಿ ಅಲ್ಲ, ಹೊರಗಿನ ಸಾಕ್ಷಿಯನ್ನು ಒಳಗಿನದರಂತೆ ಪರೀಕ್ಷಾತೀತವೆಂದು ಎಣಿಸಬಹುದೇ ಎಂಬಲ್ಲಿ. ಪುರುಷಕೃತವಾದ ಮಾತಿಗೆ ದೋಷ ವಕ್ತೃವಿನಿಂದ ಬರುತ್ತದೆಯೆಂದು ಮೀಮಾಂಸಕರು ಹೇಳಿದ್ದರು. ಪುರುಷಕೃತವಾದ ಯಂತ್ರದ ಮಾತಿಗೂ ಅದು ಸಲ್ಲುತ್ತದೆ. ಹಾಗಾದ ಮೇಲೆ ಆ ಸಾಕ್ಷಿಯನ್ನು ಪರೀಕ್ಷಿಸುವ ಸಾಮಗ್ರಿ, ಅಂದರೆ ಲಾಗ್‌ಗಳೂ ಕೀಲಿಗಳ ಆಯುಷ್ಯದ ವಿವರಗಳೂ, ಗ್ರಾಹಕನ ಹಕ್ಕಾಗಬೇಕೇ ಹೊರತು ಬೆಲೆಪಟ್ಟಿಯಲ್ಲಿ ಮೇಲಿನ ಸಾಲಿನ ಸರಕಾಗಬಾರದು. ಅವುಗಳನ್ನು ದುಡ್ಡಿಗೆ ಮಾರಿದ ಕಾಲವನ್ನು ಮುಂದಿನವರು ಅಚ್ಚರಿಯಿಂದ ನೋಡಿಯಾರು.

ನ್ಯಾಯಶಾಸ್ತ್ರದಲ್ಲಿ ಸಂವಾದವೆಂಬ ಪಾರಿಭಾಷಿಕ ಪದಕ್ಕೆ ಒಂದು ಜ್ಞಾನವು ಬೇರೊಂದು ಪ್ರಮಾಣದಿಂದ ಬಂದ ಜ್ಞಾನದೊಡನೆ ಹೊಂದಿಕೊಳ್ಳುವುದು ಎಂದರ್ಥ. ಖಾತೆ ಬದಲಾಗಿದೆಯೆಂಬ ಪತ್ರ ಬಂದಾಗ ಪತ್ರದಲ್ಲಿರುವ ಸಂಖ್ಯೆಗಲ್ಲದೆ ಮೊದಲಿನಿಂದ ಕಡತದಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ಕೇಳಬೇಕೆಂಬ ಲೆಕ್ಕಪತ್ರ ವಿಭಾಗದ ಸರಳ ನಿಯಮ ಸಂವಾದದ ಉತ್ತಮ ಉದಾಹರಣೆ, ಮತ್ತು ಎಷ್ಟೋ ದುಬಾರಿ ಸಾಧನಗಳಿಗಿಂತ ಅದು ಹೆಚ್ಚು ಹಣ ಉಳಿಸಬಲ್ಲದು. ಇದರಲ್ಲಿ ಮುಖ್ಯವಾದದ್ದು ಎರಡನೆಯ ಪ್ರಮಾಣ ಮೊದಲನೆಯದರ ಹಂಗಿನಲ್ಲಿ ಇರಬಾರದೆಂಬುದು. ಹಾಂಗ್‌ಕಾಂಗ್‌ನಲ್ಲಿ ನಡೆದು 2024ರ ಆರಂಭದಲ್ಲಿ ಬೆಳಕಿಗೆ ಬಂದ, ಅರೂಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆಗೆ ಸಂಬಂಧಿಸಿದ ಪ್ರಕರಣದಲ್ಲಿ, ಲಂಡನ್ನಿನ ಹಣಕಾಸು ಮುಖ್ಯಸ್ಥನ ಹೆಸರಿನಲ್ಲಿ ಗುಟ್ಟಿನ ವ್ಯವಹಾರದ ಪತ್ರ ಬಂದಾಗ ಅದನ್ನು ಪಡೆದ ನೌಕರನಿಗೆ ಸಂದೇಹ ಮೂಡಿತ್ತು. ಸಂದೇಹ ಕಳೆದದ್ದು ಒಂದು ವಿಡಿಯೊ ಸಭೆಯಲ್ಲಿ: ಮುಖ್ಯಸ್ಥನ ಮುಖ, ದನಿ, ಪರಿಚಿತ ಸಹೋದ್ಯೋಗಿಗಳ ಮುಖಗಳು, ಎಲ್ಲವೂ ಅಲ್ಲಿದ್ದವು, ಎಲ್ಲವೂ ಕೃತಕ. 15 ಬಾರಿ, 5 ಖಾತೆಗಳಿಗೆ, ಒಟ್ಟು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಆ ನೌಕರ ಸಂದೇಹಪಟ್ಟಿದ್ದ, ಪರೀಕ್ಷೆಯನ್ನೂ ಮಾಡಿದ್ದ. ಶಬ್ದವನ್ನು ಪ್ರತ್ಯಕ್ಷದಿಂದ ಒರೆಹಚ್ಚಿದೆನೆಂದೇ ತಿಳಿದಿದ್ದ. ಆದರೆ ಆ ಸಭೆಗೆ ಅವನನ್ನು ಕರೆದವರು ಪತ್ರ ಬರೆದವರೇ ಆಗಿದ್ದರಿಂದ ಎರಡನೆಯ ಪ್ರಮಾಣವೂ ಮೊದಲನೆಯದರ ಮುಂದುವರಿಕೆಯಾಗಿತ್ತು. ಆ ಬಳಿಕ ತಾನಾಗಿಯೇ ಮುಖ್ಯ ಕಚೇರಿಯನ್ನು ಸಂಪರ್ಕಿಸಿದಾಗ ಅವನಿಗೆ ನಿಜ ತಿಳಿಯಿತು.